ಮಳೆ ಬಂದಿದ್ದರೆ ಹೂ ಬರುತ್ತಿತ್ತೇ? ಓದುಗರ ಪ್ರಶ್ನೆಗಳಿಗೆ ತರ್ಕದ ಉತ್ತರ

ಕಳೆದ ಸಂಚಿಕೆಯಲ್ಲಿ 'ಹಾಗಾಗಿದ್ದರೆ ಹೀಗಾಗುತ್ತಿತ್ತು' ಎನ್ನುವ ಬಗೆಯ ವಾಕ್ಯಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆವು. ಅದಕ್ಕೆ ಬಂದ ಪತ್ರಗಳಲ್ಲಿ ಕೊಡಗಿನವೇ ಹೆಚ್ಚು. ತರ್ಕಶಾಸ್ತ್ರದಲ್ಲಿ ಕೌಂಟರ್‌ಫ್ಯಾಕ್ಚುಯಲ್ ಎಂದು ಕರೆಯುವ ಇವನ್ನು ಇಲ್ಲಿ ಸರಳವಾಗಿ 'ಇದ್ದಿದ್ದರೆ ವಾಕ್ಯ' ಎನ್ನೋಣ. 'ರೆ' ಬರುವ ತನಕದ ಭಾಗ ಪೂರ್ವಾಂಗ, ಉಳಿದದ್ದು ಉತ್ತರಾಂಗ.

ಪ್ರಶ್ನೆ: 'ಪ ಆದರೆ ಫ' ಎಂಬುದಕ್ಕೆ ತರಗತಿಯಲ್ಲಿ ಸತ್ಯಕೋಷ್ಟಕ (ಪ, ಫ ನಿಜವೋ ಸುಳ್ಳೋ ಆಗುವ ನಾಲ್ಕು ಬಗೆಗಳ ಪಟ್ಟಿ) ಬರೆಸಿದರು. ಪ ಸುಳ್ಳಾದರೆ ಇಡೀ ವಾಕ್ಯ ನಿಜವಂತೆ. ಈ ಸಲ ಮಾರ್ಚ್‌ನಲ್ಲಿ ನಮ್ಮಲ್ಲಿ ಮಳೆಯೇ ಇಲ್ಲ. ಹಾಗಾದರೆ 'ಮಳೆ ಬಂದಿದ್ದರೆ ಕಾಫಿ ಹೂ ಅರಳುತ್ತಿತ್ತು', 'ಮಳೆ ಬಂದಿದ್ದರೆ ಹೂ ಅರಳುತ್ತಿರಲಿಲ್ಲ' ಎರಡೂ ನಿಜವೇ?
— ಪದವಿ ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಕೋಷ್ಟಕವನ್ನು ಕೇಳಿದರೆ ಎರಡೂ ನಿಜ ಎನ್ನುತ್ತದೆ. ಅದರ ನಾಲ್ಕು ಸಾಲುಗಳಲ್ಲಿ ಸುಳ್ಳಾಗುವುದು ಒಂದೇ: ಪ ನಿಜವಾಗಿದ್ದು ಫ ಸುಳ್ಳಾದಾಗ. ಗಣಿತದ ಸಾಧನೆಗಳಿಗೆ ಅಷ್ಟು ಸಾಕು. ಇದ್ದಿದ್ದರೆ ವಾಕ್ಯದಲ್ಲಾದರೋ ಪೂರ್ವಾಂಗ ನಡೆದಿಲ್ಲವೆಂದು ಒಪ್ಪಿಕೊಂಡೇ ಮಾತು ಶುರುವಾಗುತ್ತದೆ. ಕೋಷ್ಟಕ ಯಾವಾಗಲೂ ಪ ಸುಳ್ಳಾಗಿರುವ ಕೊನೆಯ ಎರಡು ಸಾಲುಗಳಲ್ಲೇ ನಿಂತು, ಏನು ಹೇಳಿದರೂ 'ನಿಜ' ಎನ್ನುತ್ತಾ ಹೋಗುತ್ತದೆ. ಕೋಷ್ಟಕ ತಪ್ಪಲ್ಲ, ಈ ಕೆಲಸಕ್ಕೆ ಅದು ಸಲಕರಣೆಯಲ್ಲ, ಅಷ್ಟೇ.

ಅಮೆರಿಕದ ತತ್ತ್ವಜ್ಞಾನಿ ನೆಲ್ಸನ್ ಗುಡ್‌ಮನ್ 1947ರಲ್ಲಿ ಈ ತೊಡಕನ್ನು ಬಿಡಿಸಿಟ್ಟರು. ಕಡ್ಡಿ ಗೀರಿದ್ದರೆ ಹೊತ್ತಿಕೊಳ್ಳುತ್ತಿತ್ತು ಎನ್ನುವಾಗ ಕಡ್ಡಿ ಒಣಗಿತ್ತು, ಗಾಳಿಯಲ್ಲಿ ಆಮ್ಲಜನಕವಿತ್ತು ಎಂಬುದನ್ನೆಲ್ಲ ಸದ್ದಿಲ್ಲದೆ ಜೊತೆಗೆ ಸೇರಿಸಿಕೊಂಡಿರುತ್ತೇವೆ. ಯಾವುದನ್ನು ಸೇರಿಸಿಕೊಳ್ಳಬಹುದು, ಯಾವುದನ್ನು ಕೂಡದು ಎಂಬುದೇ ಸಮಸ್ಯೆಯ ಗಂಟು. ಅದಕ್ಕೆ ಇಂದು ಹೆಚ್ಚಿನವರು ಬಳಸುವ ಉತ್ತರ ರಾಬರ್ಟ್ ಸ್ಟಾಲ್ನೇಕರ್ (1968) ಮತ್ತು ಡೇವಿಡ್ ಲೂಯಿಸ್ (1973) ಅವರದು. ಮಾರ್ಚ್‌ನಲ್ಲಿ ಮಳೆ ಬಂದ ಸಾಧ್ಯ ಜಗತ್ತುಗಳು, ಎಂದರೆ 'ಹೀಗೂ ಇರಬಹುದಿತ್ತು' ಎನ್ನುವ ಜಗತ್ತುಗಳು, ಲೆಕ್ಕವಿಲ್ಲದಷ್ಟು. ಒಂದರಲ್ಲಿ ಕೊಡಗಿನಲ್ಲಿ ಕಾಫಿಯೇ ಇಲ್ಲ, ಇನ್ನೊಂದರಲ್ಲಿ ಹೂಮೊಗ್ಗನ್ನೆಲ್ಲ ಕಪಿಗಳು ತಿಂದುಹಾಕಿವೆ. ಅವನ್ನು ಬಿಡಿ. ಮಳೆಯೊಂದನ್ನು ಬಿಟ್ಟು ಉಳಿದುದರಲ್ಲಿ ನಮ್ಮ ಜಗತ್ತಿಗೆ ತೀರಾ ಹತ್ತಿರವಾದವನ್ನು ಮಾತ್ರ ನೋಡಿ. ಅಲ್ಲೆಲ್ಲ ಹೂ ಅರಳಿದ್ದರೆ ನಿಮ್ಮ ಮೊದಲ ವಾಕ್ಯ ನಿಜ, ಎರಡನೆಯದು ಸುಳ್ಳು.

ಸ್ಟಾಲ್ನೇಕರ್, ಲೂಯಿಸ್ ಇಬ್ಬರ ನಡುವೆ ಒಂದು ಜಗಳವಿದೆ, ಪರೀಕ್ಷೆಯಲ್ಲಿ ಕೇಳುತ್ತಾರೆ. ಚಿಮ್ಮದೇ ಬಿಟ್ಟ ನಾಣ್ಯದ ಬಗ್ಗೆ 'ಚಿಮ್ಮಿದ್ದರೆ ತಲೆ ಬೀಳುತ್ತಿತ್ತು' ಎಂದರೆ ಲೂಯಿಸ್ ಲೆಕ್ಕದಲ್ಲಿ ಸುಳ್ಳು. 'ಬೀಳುತ್ತಿರಲಿಲ್ಲ' ಎಂದರೂ ಸುಳ್ಳು. ಏಕೆಂದರೆ ಸಮಾನ ಹತ್ತಿರದ ಜಗತ್ತುಗಳಲ್ಲಿ ಕೆಲವೆಡೆ ತಲೆ, ಕೆಲವೆಡೆ ಬಾಲ. 'ತಲೆ ಬೀಳಬಹುದಿತ್ತು' ಮಾತ್ರ ನಿಜ. ಸ್ಟಾಲ್ನೇಕರ್ ಪ್ರಕಾರ ಆ ಎರಡರಲ್ಲಿ ಒಂದು ನಿಜ ಎನ್ನಲೇಬೇಕು, ಯಾವುದೆಂದು ಮಾತ್ರ ನಿರ್ಧಾರವಾಗುವುದಿಲ್ಲ.

ಪ್ರಶ್ನೆ: ನಮ್ಮದು 5 ಎಕರೆ ರೊಬಸ್ಟಾ. ಕೆರೆ 40 ಅಡಿ ಉದ್ದ, 40 ಅಡಿ ಅಗಲ, 10 ಅಡಿ ಆಳ, ಫೆಬ್ರವರಿಯಲ್ಲಿ ತುಂಬಿತ್ತು. ಹೂ ಅರಳಿಸುವ ಹೂಮಳೆಯೂ ಇಲ್ಲ, ಆಮೇಲೆ ಕಾಯಿ ಕಚ್ಚಲು ಬೇಕಾದ ಎರಡನೇ ನೀರು, ಬ್ಯಾಕಿಂಗೂ ಇಲ್ಲ. ಮೊದಲ ಮಳೆ ಬಿದ್ದದ್ದೇ ಏಪ್ರಿಲ್ 22ಕ್ಕೆ. 'ಮಾರ್ಚ್ 5ಕ್ಕೆ ಸ್ಪ್ರಿಂಕ್ಲರ್ ಹಾಕಿದ್ದರೆ ಐದೂ ಎಕರೆಯಲ್ಲಿ ಫಸಲು ಬರುತ್ತಿತ್ತು' ಎಂದು ಅಣ್ಣ. 'ಹಾಕಿದ್ದರೂ ಬರುತ್ತಿರಲಿಲ್ಲ' ಎಂದು ನಾನು. ಇದನ್ನು ತೀರ್ಮಾನಿಸುವ ಕ್ರಮ ಉಂಟೇ?
— ಬೆಳೆಗಾರರು, ನಾಪೋಕ್ಲು

ಉತ್ತರ: ಉಂಟು. ನೀವು ಅಳತೆ ಬರೆದು ಕಳಿಸಿದ್ದರಿಂದ ಕೆಲಸ ಅರ್ಧ ಮುಗಿದಿದೆ.

ಮೊದಲು ಪೂರ್ವಾಂಗವನ್ನು ಬಿಗಿ ಮಾಡಿ. 'ಸ್ಪ್ರಿಂಕ್ಲರ್ ಹಾಕಿದ್ದರೆ' ಎಂದರೆ ಎಷ್ಟು ಎಕರೆಗೆ, ಎಷ್ಟು ಇಂಚು, ಎಷ್ಟು ಸಲ? ಮನೆಯೊಳಗಿನ ಮುಕ್ಕಾಲು ಪಾಲು ಜಗಳ ಇಲ್ಲೇ ಹುಟ್ಟುತ್ತದೆ. ಇಬ್ಬರೂ ಒಂದೇ ಮಾತು ಆಡುತ್ತಾ ಬೇರೆ ಬೇರೆ ಚಿತ್ರ ನೋಡುತ್ತಿರುತ್ತಾರೆ. ಅಣ್ಣನವರ ಮಾತನ್ನು 'ಐದೂ ಎಕರೆಗೆ ಹೂವಿಗೆ ಒಂದು ಇಂಚು, ಎರಡು ಮೂರು ವಾರದೊಳಗೆ ಬ್ಯಾಕಿಂಗಿಗೆ ಇನ್ನೊಂದು ಇಂಚು' ಎಂದು ಹಿಡಿಯೋಣ.

ಆಮೇಲೆ ಯಾವುದನ್ನು ಹಾಗೇ ಉಳಿಸಿಕೊಳ್ಳಬೇಕು ಎಂದು ನೋಡಿ. ಮಾರ್ಚ್ 5ರ ಬೆಳಗಿನ ತನಕ ನಡೆದದ್ದೆಲ್ಲ ನಡೆದ ಹಾಗೇ ಇರಲಿ: ಗಿಡದ ವಯಸ್ಸು, ಮೊಗ್ಗು, ಕೆರೆಯ ಅಳತೆ, ಅದರಲ್ಲಿದ್ದ ನೀರು. ನಿಮ್ಮ ಕೆರೆ 16,000 ಘನ ಅಡಿ, ಘನ ಅಡಿಗೆ 28.3 ಲೀಟರಿನಂತೆ ಸುಮಾರು 4.53 ಲಕ್ಷ ಲೀಟರ್. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು 1.03 ಲಕ್ಷ ಲೀಟರ್. ಐದು ಎಕರೆಗೆ ಒಂದು ಸುತ್ತಿಗೇ 5.14 ಲಕ್ಷ ಬೇಕು. ಎರಡು ಸುತ್ತಿಗೆ ಹತ್ತು ಲಕ್ಷ ದಾಟುತ್ತದೆ. ಅಣ್ಣನವರ ಪೂರ್ವಾಂಗ ನಿಮ್ಮ ಕೆರೆಯ ಜೊತೆ ಒಂದೇ ಜಗತ್ತಿನಲ್ಲಿ ನಿಲ್ಲುವುದಿಲ್ಲ. ಅದು ನಿಜವಾಗಬೇಕಾದರೆ ಕೆರೆಯೂ ದೊಡ್ಡದಾಗಿರಬೇಕು, ಇಲ್ಲವೇ ಹೊಳೆಯಿಂದ ಪಂಪು ಮಾಡಿರಬೇಕು. ಗುಡ್‌ಮನ್ ಹೇಳಿದ ಗಂಟು ಇದೇ: ಜೊತೆಗೆ ಸೇರಿಸಿಕೊಳ್ಳುವ ಸಂಗತಿ ಪೂರ್ವಾಂಗವನ್ನೂ ತಾಳಿಕೊಳ್ಳುವಂತಿರಬೇಕು.

ಹಾಗೆಂದು ನಿಮ್ಮ ಮಾತು ಗೆದ್ದಿತು ಎನ್ನಬೇಡಿ. ಕೆರೆಯನ್ನು ಹಾಗೇ ಬಿಟ್ಟು ಎರಡು ರೀತಿಯಲ್ಲಿ ನೀರು ಹಾಕಬಹುದಿತ್ತು. ಸುಮಾರು 4.4 ಎಕರೆಗೆ ಒಂದೇ ಸುತ್ತು ಹಾಕಿದ್ದರೆ ವಾರ ಕಳೆದು ಹೂ ಅರಳುತ್ತಿತ್ತು, ಆದರೆ ಬ್ಯಾಕಿಂಗಿಗೆ ಕೆರೆಯಲ್ಲಿ ನೀರಿಲ್ಲ, ಆಕಾಶದಿಂದಲೂ ಏಪ್ರಿಲ್ 22ರ ತನಕ ಇಲ್ಲ. ಕಾಯಿ ಸರಿಯಾಗಿ ಕಚ್ಚುತ್ತಿರಲಿಲ್ಲ. ಅದರ ಬದಲು 2.2 ಎಕರೆಗೆ ಎರಡು ಸುತ್ತು ಹಾಕಿದ್ದರೆ ಅಷ್ಟರಲ್ಲಿ ಫಸಲು ನಿಲ್ಲುತ್ತಿತ್ತು ಎನ್ನಲು ಒಳ್ಳೆಯ ಆಧಾರವಿದೆ. (ಪೈಪಿನ ಸೋರಿಕೆ, ಬಿಸಿಲಿಗೆ ಆರಿಹೋಗುವುದು ಲೆಕ್ಕಕ್ಕೆ ಹಿಡಿದರೆ ಎರಡು ಎಕರೆ ಎನ್ನಿ.) ಎಂದರೆ 'ಐದೂ ಎಕರೆಯಲ್ಲಿ ಬರುತ್ತಿತ್ತು' ಸುಳ್ಳು, 'ಹಾಕಿದ್ದರೂ ಏನೂ ಬರುತ್ತಿರಲಿಲ್ಲ' ಎಂಬುದೂ ಸುಳ್ಳು. ನೀವಿಬ್ಬರೂ ಆಡದ ಮೂರನೇ ಮಾತು ನಿಜ.

ಇಲ್ಲಿ ಸಾಮಾನ್ಯವಾಗಿ ಆಗುವ ಒಂದು ತಪ್ಪನ್ನು ಹೇಳಲೇಬೇಕು. 'ಮಾರ್ಚ್ 5ಕ್ಕೆ ಹೂಮಳೆ ಬಂದಿದ್ದರೆ ಬ್ಯಾಕಿಂಗ್ ಮಳೆಯೂ ಬರುತ್ತಿತ್ತು' ಎಂದು ಯಾರಾದರೂ ಹೇಳಿದರೆ ಒಪ್ಪಬಹುದಾದ ಮಾತೇ ಅನಿಸುತ್ತದೆ; ಮಳೆ ಬಂದಿದ್ದರೆ ಹವಾಮಾನವೇ ಬೇರೆ ಇದ್ದಿರಬೇಕಲ್ಲ ಎಂದು. ಇದು ಪೂರ್ವಾಂಗದಿಂದ ಹಿಂದಕ್ಕೆ ನಡೆದು, ಅದರ ಕಾರಣವನ್ನು ಬದಲಿಸಿ, ಮತ್ತೆ ಮುಂದಕ್ಕೆ ಬರುವ ದಾರಿ. ಲೂಯಿಸ್ 1979ರ ಲೇಖನದಲ್ಲಿ ಸಾಮಾನ್ಯ ಸಂದರ್ಭದಲ್ಲಿ ಈ ಹಿಮ್ಮುಖ ನಡೆ ಬೇಡ ಎಂದು ವಾದಿಸಿದರು: ಹಿಂದಿನದು ಹಾಗೇ ಇರಲಿ, ಪೂರ್ವಾಂಗ ನಡೆಯಲು ಬೇಕಾದಷ್ಟೇ ಸಣ್ಣ ಬದಲಾವಣೆ ಸಾಕು, ಅಲ್ಲಿಂದ ಮುಂದೆ ನಿಸರ್ಗ ನಿಯಮ ನಡೆಯಲಿ. ಸ್ಪ್ರಿಂಕ್ಲರ್ ವಿಷಯದಲ್ಲಿ ಈ ತೊಂದರೆ ಇಲ್ಲ ನೋಡಿ. ಮಳೆ ತನ್ನ ಜೊತೆ ಮೋಡವನ್ನೂ ಎಳೆದು ತರುತ್ತದೆ, ಸ್ಪ್ರಿಂಕ್ಲರ್ ತರುವುದು ನೀರನ್ನು ಮಾತ್ರ. 'ನೀರು ಸಿಕ್ಕಿದ್ದರೆ' ಎಂಬುದನ್ನು ಪರೀಕ್ಷಿಸಲು ಯಾವಾಗಲೂ ಎರಡನೆಯದನ್ನೇ ಕಲ್ಪಿಸಿಕೊಳ್ಳಿ.

ಪ್ರಶ್ನೆ: 'ಬಂದಿದ್ದರೆ' ಎಂದರೆ ಬರಲಿಲ್ಲ ಎಂದೇ ಅರ್ಥವೇ?
— ಗೃಹಿಣಿ, ಗೋಣಿಕೊಪ್ಪ

ಉತ್ತರ: ಅಲ್ಲ. ಕನ್ನಡದಲ್ಲಿ ಗುಟ್ಟು ಇರುವುದು ಬಾಲದ ಕ್ರಿಯಾಪದದಲ್ಲಿ. 'ರಾತ್ರಿ ಮಳೆ ಬಂದಿದ್ದರೆ ಅಂಗಳ ಒದ್ದೆಯಾಗಿರುತ್ತದೆ' ಎನ್ನುವವರಿಗೆ ಮಳೆ ಬಂತೋ ಇಲ್ಲವೋ ಗೊತ್ತಿಲ್ಲ, ಬಾಗಿಲು ತೆರೆದು ನೋಡಬೇಕಷ್ಟೇ. 'ಒದ್ದೆಯಾಗಿರುತ್ತಿತ್ತು' ಎನ್ನುವವರು ಅಂಗಳ ನೋಡಿಯಾಗಿದೆ.

ಎರಡರ ತೂಕ ಎಷ್ಟು ಬೇರೆ ಎಂಬುದಕ್ಕೆ ಬೆಳಿಗ್ಗೆ ಮುರಿದು ಬಿದ್ದ ಬೇಲಿಯನ್ನು ನೋಡಿ. 'ಆನೆ ಮುರಿದಿಲ್ಲವಾದರೆ ಬೇರೆ ಯಾರೋ ಮುರಿದಿದ್ದಾರೆ' ಎಂಬುದು ಖಂಡಿತ ನಿಜ, ಬೇಲಿ ಮುರಿದದ್ದು ಕಣ್ಣಿಗೆ ಕಾಣುತ್ತಿದೆ. 'ಆನೆ ಮುರಿಯದಿದ್ದರೆ ಬೇರೆ ಯಾರೋ ಮುರಿಯುತ್ತಿದ್ದರು' ಎಂದರೆ? ನೆರೆಯವರ ಮೇಲೆ ಆರೋಪ ಹೊರಿಸಿದ ಹಾಗಾಯಿತು. ಅಮೆರಿಕದ ತತ್ತ್ವಜ್ಞಾನಿ ಅರ್ನೆಸ್ಟ್ ಆಡಮ್ಸ್ 1970ರಲ್ಲಿ ಕೆನಡಿ ಹತ್ಯೆಯ ಉದಾಹರಣೆ ಕೊಟ್ಟು ಇದೇ ಭೇದವನ್ನು ತೋರಿಸಿದರು. ಮೊದಲ ವಾಕ್ಯದಲ್ಲಿ ಬದಲಾಗುವುದು ನಮ್ಮ ತಿಳಿವಳಿಕೆ, ಎರಡನೆಯದರಲ್ಲಿ ಬದಲಾಗುವುದು ಜಗತ್ತು.

ಪ್ರಶ್ನೆ: ಇದ್ದಿದ್ದರೆ ವಾಕ್ಯಗಳಲ್ಲಿ ಮಾಮೂಲಿ ತರ್ಕನಿಯಮಗಳು ಮುರಿಯುತ್ತವೆ ಎಂದು ಓದಿದೆ. ಮಕ್ಕಳಿಗೆ ಹೇಳಿಕೊಡಲು ಇಲ್ಲಿನ ಉದಾಹರಣೆ ಬೇಕು.
— ಉಪನ್ಯಾಸಕರು, ಸೋಮವಾರಪೇಟೆ

ಉತ್ತರ: ಮೂರು ನಿಯಮಗಳು ಕೈಕೊಡುತ್ತವೆ. ಬೋರ್ಡಿನ ಮೇಲೆ ಈ ಸಾಲುಗಳನ್ನು ಒಂದರ ಕೆಳಗೊಂದು ಬರೆಯಿರಿ.

ಹೂಮಳೆ ಬಂದಿದ್ದರೆ ರೊಬಸ್ಟಾ ಕಾಯಿ ಕಚ್ಚುತ್ತಿತ್ತು.
ಹೂಮಳೆ ಬಂದು, ಹೂ ಅರಳಿದ ದಿನವೇ ಮತ್ತೆ ಜೋರು ಮಳೆ ಹೊಡೆದಿದ್ದರೆ ಕಚ್ಚುತ್ತಿರಲಿಲ್ಲ.
ಹೂಮಳೆ ಬಂದು, ಅರಳಿದ ದಿನ ಜೋರು ಮಳೆ ಶುರುವಾಗಿ, ಎರಡು ನಿಮಿಷಕ್ಕೆ ನಿಂತು ಬಿಸಿಲು ಬಂದಿದ್ದರೆ ಕಚ್ಚುತ್ತಿತ್ತು.

ಮೂರೂ ಒಟ್ಟಿಗೆ ನಿಜವಾಗಿರಬಹುದು. (ರೊಬಸ್ಟಾಗೆ ಬೇರೆ ಗಿಡದ ಪರಾಗ ಗಾಳಿಯಲ್ಲೋ ಜೇನಿನ ಮೂಲಕವೋ ಬರಬೇಕು; ಅರಳಿದ ದಿನದ ಮಳೆ ಅದನ್ನು ಕೆಡಿಸುತ್ತದೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಆದ್ದರಿಂದ ಉದಾಹರಣೆಗೆ ರೊಬಸ್ಟಾವನ್ನೇ ಹಿಡಿಯಿರಿ.) ಕೋಷ್ಟಕದ ತರ್ಕದಲ್ಲಿ 'ಪ ಆದರೆ ಫ' ನಿಜವಾದರೆ 'ಪ ಮತ್ತು ಬ ಆದರೆ ಫ' ಕೂಡ ನಿಜವಾಗಲೇಬೇಕು. ಇಲ್ಲಿ ಪೂರ್ವಾಂಗಕ್ಕೆ ಏನಾದರೂ ಸೇರಿಸಿದರೆ ಹತ್ತಿರದ ಜಗತ್ತೇ ಬೇರೆಯಾಗುತ್ತದೆ.

ಸರಪಳಿ ನಿಯಮವೂ ('ಪ ಆದರೆ ಫ', 'ಫ ಆದರೆ ಬ' ಎಂದಿದ್ದರೆ 'ಪ ಆದರೆ ಬ') ಇದೇ ಉದಾಹರಣೆಯಲ್ಲಿ ತುಂಡಾಗುತ್ತದೆ. 'ಹೂಮಳೆಯೂ ಅರಳಿದ ದಿನದ ಮಳೆಯೂ ಬಂದಿದ್ದರೆ, ಹೂಮಳೆ ಬಂದಿರುತ್ತಿತ್ತು' ಎಂಬುದಕ್ಕೆ ಯಾರ ತಕರಾರೂ ಇಲ್ಲ. 'ಹೂಮಳೆ ಬಂದಿದ್ದರೆ ಕಾಯಿ ಕಚ್ಚುತ್ತಿತ್ತು' ಎಂಬುದೂ ಸರಿ. ಎರಡನ್ನೂ ಕೊಂಡಿ ಹಾಕಿದರೆ ಸುಳ್ಳು ಸಿಗುತ್ತದೆ.

ಮೂರನೆಯದು ತಿರುಗುಮುರುಗು ನಿಯಮ. 'ಪ ಆದರೆ ಫ'ದಿಂದ 'ಫ ಅಲ್ಲವಾದರೆ ಪ ಅಲ್ಲ' ಎನ್ನುವುದು. ದೊಡ್ಡ ಕೆರೆಯ ತೋಟವೊಂದರಲ್ಲಿ ಈ ವರ್ಷ ನೀರೇ ಹಾಯಿಸಲಿಲ್ಲ. 'ನೀರು ಹಾಯಿಸಿದ್ದರೂ ಕೆರೆ ಬರಿದಾಗುತ್ತಿರಲಿಲ್ಲ' ನಿಜವೇ. ತಿರುಗಿಸಿ: 'ಕೆರೆ ಬರಿದಾಗಿದ್ದರೆ ನೀರು ಹಾಯಿಸಿರುತ್ತಿರಲಿಲ್ಲ.' ಮಕ್ಕಳು ನಗುತ್ತಾರೆ. ಕೆರೆ ಬರಿದಾಗಬೇಕಾದರೆ ಇದ್ದ ದಾರಿಯೇ ಮಿತಿಮೀರಿ ಹಾಯಿಸುವುದು.

ಕೋಷ್ಟಕದ ತರ್ಕ ಪೂರ್ತಿ ಕೈಬಿಟ್ಟಿತು ಎಂದು ಮಾತ್ರ ಹೇಳಬೇಡಿ. ಪೂರ್ವಾಂಗ ನಿಜವಾಗಿಯೂ ನಡೆದುಹೋದರೆ ಉತ್ತರಾಂಗಕ್ಕೆ ದಾಟುವ ನಿಯಮ ಇಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ.

ಪ್ರಶ್ನೆ: ಇದೆಲ್ಲ ಪಶ್ಚಿಮದವರ ಸರಕೇ? ನಮ್ಮ ನ್ಯಾಯಶಾಸ್ತ್ರದಲ್ಲಿ ಇಲ್ಲವೇ?
— ನಿವೃತ್ತ ಸಂಸ್ಕೃತ ಅಧ್ಯಾಪಕರು, ಭಾಗಮಂಡಲ

ಉತ್ತರ: ವ್ಯಾಕರಣದಲ್ಲೂ ಇದೆ, ನ್ಯಾಯದಲ್ಲೂ ಇದೆ. ಪಾಣಿನಿಯ 'ಲಿಙ್‌ನಿಮಿತ್ತೇ ಲೃಙ್ ಕ್ರಿಯಾತಿಪತ್ತೌ' (3.3.139) ಈ ಕೆಲಸಕ್ಕೆಂದೇ ಒಂದು ಲಕಾರವನ್ನು (ಕ್ರಿಯಾಪದದ ರೂಪವನ್ನು) ಮೀಸಲಿಟ್ಟಿದೆ, ಕ್ರಿಯಾತಿಪತ್ತಿ ಎಂದರೆ ಕ್ರಿಯೆ ನಡೆಯದೇ ಹೋಗುವುದು. ಪಾಠದಲ್ಲಿ ಹೇಳುವ ಉದಾಹರಣೆ ನಿಮಗೆ ಗೊತ್ತೇ ಇದೆ: 'ಸುವೃಷ್ಟಿಶ್ಚೇದಭವಿಷ್ಯತ್ ತದಾ ಸುಭಿಕ್ಷಮಭವಿಷ್ಯತ್', ಒಳ್ಳೆಯ ಮಳೆಯಾಗಿದ್ದರೆ ಸುಭಿಕ್ಷವಾಗುತ್ತಿತ್ತು. ಅಲ್ಲೂ ಮಳೆಯೇ!

ನೈಯಾಯಿಕರು (ನ್ಯಾಯಶಾಸ್ತ್ರದವರು) 'ತರ್ಕ' ಎಂದು ಕರೆದದ್ದೂ ಇಂಥ ವಾಕ್ಯವನ್ನೇ. 'ತರ್ಕಸಂಗ್ರಹ' ಬರೆದ ಅನ್ನಂಭಟ್ಟನ ಲಕ್ಷಣ: 'ವ್ಯಾಪ್ಯಾರೋಪೇಣ ವ್ಯಾಪಕಾರೋಪಸ್ತರ್ಕಃ', ಎಂದರೆ ಒಂದನ್ನು (ವ್ಯಾಪ್ಯ) ಇದೆಯೆಂದು ಹೊರಿಸಿ, ಅದು ಇದ್ದಲ್ಲೆಲ್ಲ ಇರುವ ಇನ್ನೊಂದನ್ನೂ (ವ್ಯಾಪಕ) ಹೊರಿಸುವುದು; ಉದಾಹರಣೆ 'ಬೆಂಕಿ ಇಲ್ಲದಿದ್ದರೆ ಹೊಗೆಯೂ ಇರುತ್ತಿರಲಿಲ್ಲ'. ಅವನು ಇದನ್ನು ಸಂಶಯ, ವಿಪರ್ಯಯಗಳ (ತಪ್ಪು ತಿಳಿವಿನ) ಸಾಲಿನಲ್ಲಿ, ಅಯಥಾರ್ಥ ಅನುಭವದಲ್ಲಿ (ಇದ್ದುದನ್ನು ಇದ್ದಂತೆ ಹಿಡಿಯದ ಅರಿವಿನಲ್ಲಿ) ಇಟ್ಟ; ಇಲ್ಲದ್ದನ್ನು ಇದೆಯೆಂದು ಹೊರಿಸಿ ನೋಡುವುದು ತಾನೇ? ಆದರೂ ಪ್ರಮಾಣಕ್ಕೆ ಅದು ಬೆಂಬಲ. ವ್ಯತ್ಯಾಸ ಎಲ್ಲಿದೆಯೆಂದರೆ, ನೈಯಾಯಿಕನಿಗೆ ಎದುರಿನ ಸಂಶಯವನ್ನು ಕತ್ತರಿಸುವುದು ಮುಖ್ಯ: ಹೊಗೆ ಕಾಣುತ್ತಿದೆ, ಆದ್ದರಿಂದ ಬೆಂಕಿ ಇಲ್ಲವೆಂಬ ಆರೋಪ ಬಿತ್ತು. ಆ ವಾಕ್ಯ ಯಾವಾಗ ನಿಜವಾಗುತ್ತದೆ ಎಂಬ ಲೆಕ್ಕ ಸ್ಟಾಲ್ನೇಕರ್, ಲೂಯಿಸರ ಕಾಳಜಿ. ಎರಡನ್ನೂ ಒಂದೇ ಎನ್ನುವುದು ಅಭಿಮಾನವಾದೀತು, ವಿದ್ಯೆಯಾಗದು.

ಪ್ರಶ್ನೆ: ಗಾಳಿಮಳೆಯ ದಿನ 4 ಗಂಟೆಗೆ ನಮ್ಮ ಸಿಲ್ವರ್ ಮರ ಲೈನಿನ ಮೇಲೆ ಬಿದ್ದು ಕರೆಂಟ್ ಹೋಯಿತು. ಹತ್ತು ನಿಮಿಷ ಬಿಟ್ಟು ಅದೇ ಲೈನಿನ ಮೇಲೆ ಮೇಲಿನ ತೋಟದ ಮರವೂ ಬಿತ್ತು. 'ನಿಮ್ಮ ಮರ ಬೀಳದಿದ್ದರೂ ಕರೆಂಟ್ ಹೋಗುತ್ತಿತ್ತು' ಎನ್ನುತ್ತಾರೆ ಮೇಲಿನವರು. ಹಾಗಾದರೆ ನಮ್ಮ ಮರ ಕಾರಣವಲ್ಲವೇ?
— ಓದುಗರು, ಸಿದ್ದಾಪುರ

ಉತ್ತರ: ನಿಮ್ಮ ಮರವೇ ಕಾರಣ, ಕ್ಷಮಿಸಿ. ಮೇಲಿನವರು ಹಿಡಿದದ್ದು ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮನ ಕಾಲದಿಂದ (1748) ಬಂದಿರುವ ಅಳತೆಗೋಲು: 'ಇದು ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ' ಎಂದಾದರೆ ಇದು ಅದಕ್ಕೆ ಕಾರಣ. ದಿನದ ಹೆಚ್ಚಿನ ಕೆಲಸಕ್ಕೆ ಅದು ಸಾಕು. ಹಿಂದೆ ಇನ್ನೊಂದು ಕಾರಣ ಸಾಲಿನಲ್ಲಿ ಕಾದು ನಿಂತಿದ್ದರೆ ಮಾತ್ರ ಮುಗ್ಗರಿಸುತ್ತದೆ. ಐದು ಗಂಟೆಯ ಕತ್ತಲೆಯನ್ನು ನೋಡಿದರೆ ಅವರ ಮಾತು ನಿಜ. 4 ಗಂಟೆ 5 ನಿಮಿಷದ ಕತ್ತಲೆಯನ್ನು ನೋಡಿ: ನಿಮ್ಮ ಮರ ಬೀಳದಿದ್ದರೆ ಆಗ ದೀಪ ಉರಿಯುತ್ತಿತ್ತು. ಫಲವನ್ನು ಗಳಿಗೆಯ ಸಮೇತ ಹೇಳಿದರೆ ಗೊಂದಲ ತಿಳಿಯಾಗುತ್ತದೆ. ಇನ್ನೊಂದು ಪರೀಕ್ಷೆ, ನಡುವಿನ ಕೊಂಡಿಗಳನ್ನು ಹಿಡಿದು ನಡೆಯುವುದು: ಮರ, ತುಂಡಾದ ತಂತಿ, ನಿಂತ ಕರೆಂಟು. ನಿಮ್ಮ ಮರದಿಂದ ಈ ಸರಪಳಿ ಪೂರ್ತಿಯಾಗುತ್ತದೆ. ಅವರ ಮರ ಬಿದ್ದದ್ದು ಆಗಲೇ ಸತ್ತ ತಂತಿಯ ಮೇಲೆ. ರಿಪೇರಿ ತಡವಾದದ್ದರಲ್ಲಿ ಅವರ ಪಾಲು ಇರಬಹುದು, ಅದು ಬೇರೆ ಪ್ರಶ್ನೆ.

ಪ್ರಶ್ನೆ: '1956ರಲ್ಲಿ ಕೊಡಗು ಮೈಸೂರಿಗೆ ಸೇರದಿದ್ದರೆ ಇಂದಿಗೂ ಪ್ರತ್ಯೇಕ ರಾಜ್ಯವಾಗಿಯೇ ಇರುತ್ತಿತ್ತು' ಎಂಬ ವಾದಕ್ಕೆ ತರ್ಕ ಏನು ಹೇಳುತ್ತದೆ?
— ಓದುಗರು, ಮಡಿಕೇರಿ

ಉತ್ತರ: ಸೇರಬೇಕಿತ್ತೋ ಬೇಡವಾಗಿತ್ತೋ ಎಂಬುದಕ್ಕೆ ತರ್ಕದಲ್ಲಿ ಉತ್ತರವಿಲ್ಲ. ಈ ವಾಕ್ಯವನ್ನು ಮಾತ್ರ ಪರೀಕ್ಷಿಸಬಹುದು. ಆಗ ಕೊಡಗು 'ಸಿ' ದರ್ಜೆಯ ರಾಜ್ಯ. 1956ರ ನವೆಂಬರ್ 1ರಂದು ಬದಲಾದದ್ದು ಕೊಡಗಿನ ಗಡಿ ಮಾತ್ರವಲ್ಲ, 'ಎ, ಬಿ, ಸಿ' ಎಂಬ ದರ್ಜೆಗಳೇ ಸಂವಿಧಾನದಿಂದ ಹೋದವು. ಕೊಡಗಿನ ವಿಲೀನವೊಂದನ್ನೇ ಬದಲಿಸಿ ಉಳಿದದ್ದನ್ನು ಹಾಗೇ ಇಟ್ಟರೆ 'ಸಿ' ದರ್ಜೆ ಎಂಬ ಕುರ್ಚಿಯೇ ಇಲ್ಲ. ಹಿಮಾಚಲ ಪ್ರದೇಶ, ಮಣಿಪುರ, ತ್ರಿಪುರಾಗಳೂ 'ಸಿ' ದರ್ಜೆಯವೇ. ಯಾವುದಕ್ಕೂ ವಿಲೀನವಾಗದ ಅವು ಅಂದು ಕೇಂದ್ರಾಡಳಿತ ಪ್ರದೇಶಗಳಾದವು. ಹತ್ತಿರದ ಜಗತ್ತಿನಲ್ಲಿ ಕೊಡಗು ಅವುಗಳ ಸಾಲಿನಲ್ಲಿ ಕೂತಿರುತ್ತದೆ. ಆಮೇಲೆ ಅವುಗಳ ಹಾಗೆ ರಾಜ್ಯವಾಗಬಹುದಿತ್ತು, ಆಗದೆಯೂ ಇರಬಹುದಿತ್ತು. 'ಬಹುದಿತ್ತು' ಸರಿ, 'ಇರುತ್ತಿತ್ತು' ಎನ್ನುವಷ್ಟು ಆಧಾರ ಸಾಲದು. ವಾದಿಸುವವರು ದರ್ಜೆಗಳೂ ಉಳಿದಿದ್ದ ಜಗತ್ತನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆ ಅದನ್ನು ಪೂರ್ವಾಂಗದಲ್ಲೇ ಬಾಯಿಬಿಟ್ಟು ಹೇಳಲಿ.

ಪ್ರಶ್ನೆ: ಇಂಥ ವಾಕ್ಯಕ್ಕೆ ಕಂಪ್ಯೂಟರಿನಲ್ಲಿ ಅಂಕಿಯ ಉತ್ತರ ಪಡೆಯಬಹುದೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಕುಶಾಲನಗರ

ಉತ್ತರ: ಪಡೆಯಬಹುದು. ಕಂಪ್ಯೂಟರ್ ವಿಜ್ಞಾನದ 2011ರ ಟ್ಯೂರಿಂಗ್ ಪ್ರಶಸ್ತಿ ಪಡೆದ ಜೂಡಿಯಾ ಪರ್ಲ್ ಹಾಕಿಕೊಟ್ಟ ಕ್ರಮ ಮೂರು ಹೆಜ್ಜೆಯದು. ಲೆಕ್ಕ ತೋರಿಸಲೆಂದು ಅಂಕಿಗಳನ್ನು ನಾವೇ ಕಟ್ಟಿಕೊಳ್ಳೋಣ. ಕಾಳುಮೆಣಸಿನ ಬಳ್ಳಿಗೆ ಮುಂಗಾರಿಗೆ ಮೊದಲು ಶೇ 1ರ ಬೋರ್ಡೋ ದ್ರಾವಣ (100 ಲೀಟರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ) ಹೊಡೆದರೆ 1, ಇಲ್ಲದಿದ್ದರೆ 0. ಇಳುವರಿ = 1.5 + 0.8 × ಬೋರ್ಡೋ + ಉಳಿಕೆ. ಉಳಿಕೆ ಎಂದರೆ ಆ ಬಳ್ಳಿಯದೇ ಗುಣ: ಮಣ್ಣು, ನೆರಳು, ವಯಸ್ಸು.

ಹೊಡೆಯದ ಒಂದು ಬಳ್ಳಿ 1.2 ಕಿಲೋ ಕೊಟ್ಟಿತು. ಮೊದಲ ಹೆಜ್ಜೆ, ನಡೆದದ್ದರಿಂದ ಉಳಿಕೆಯನ್ನು ಕಂಡುಹಿಡಿಯುವುದು: 1.2 − 1.5 = −0.3. ಎರಡನೆಯದು, ಬೋರ್ಡೋವನ್ನು ಕೈಯಾರೆ 1 ಮಾಡುವುದು. ಅದಕ್ಕೆ ಕಾರಣವೇನಿತ್ತೆಂದು ಹಿಂದಕ್ಕೆ ಹೋಗಬಾರದು, ನಾಪೋಕ್ಲಿನವರಿಗೆ ಹೇಳಿದ ಸ್ಪ್ರಿಂಕ್ಲರ್ ಮಾತೇ ಇದು. ಮೂರನೆಯದು, ಅದೇ ಉಳಿಕೆಯೊಂದಿಗೆ ಮುಂದಕ್ಕೆ ಲೆಕ್ಕ: 1.5 + 0.8 − 0.3 = 2.0 ಕಿಲೋ. ಮೊದಲ ಹೆಜ್ಜೆ ಮರೆತವರಿಗೆ 2.3 ಬರುತ್ತದೆ. ಅದು 'ಸರಾಸರಿ ಬಳ್ಳಿಗೆ ಹೊಡೆದರೆ ಎಷ್ಟು' ಎಂಬುದರ ಉತ್ತರ; 'ಈ ಬಳ್ಳಿಗೆ ಹೊಡೆದಿದ್ದರೆ ಎಷ್ಟಿರುತ್ತಿತ್ತು' ಎಂಬುದರದಲ್ಲ.

ಪ್ರೋಗ್ರಾಂ ಬರೆಯುವುದು ಹತ್ತು ಸಾಲಿನ ಕೆಲಸ. ಕಷ್ಟವಿರುವುದು 0.8 ಎಲ್ಲಿಂದ ಬಂತು ಎಂಬುದರಲ್ಲಿ. ಮನೆಯ ಹತ್ತಿರದ ಆರೈಕೆಯ ಬಳ್ಳಿಗಳಿಗೆ ಹೊಡೆದು, ದೂರದ ಸೊರಗಿದವನ್ನು ಬಿಟ್ಟು ಇಳುವರಿ ಹೋಲಿಸಿದರೆ ಆರೈಕೆಯ ಫಲವೂ ಬೋರ್ಡೋ ಲೆಕ್ಕಕ್ಕೆ ಜಮೆಯಾಗಿ ಅಂಕಿ ಉಬ್ಬುತ್ತದೆ. ಬಳ್ಳಿಗಳಿಗೆ ನಂಬರ್ ಹಾಕಿ, ಯಾವುದಕ್ಕೆ ಹೊಡೆಯಬೇಕೆಂದು ಚೀಟಿ ಎತ್ತಿ ನಿರ್ಧರಿಸಿ. ಕೊಯ್ಲಿನಲ್ಲಿ ಒಂದೊಂದು ಬಳ್ಳಿಯದನ್ನೂ ಬೇರೆ ಬೇರೆ ಒಣಗಿಸಿ ತೂಗಿ.